ಟಿಕೆಟ್ ಹರಿದ ಮೇಲೆ ವಾಪಸ್ ಇಲ್ಲ!

ಕಥೆಯಿಲ್ಲದ ಚಿತ್ರಗಳ ಜಾತ್ರೆಯಲ್ಲಿ ಅಭಿಮಾನಿಯ ಜೇಬಿಗೆ ಕತ್ತರಿ

ಸೀರೆಯಲ್ಲಿ ತೂತು ಕಂಡರೆ ಮರುದಿನ ಅಂಗಡಿಗೆ ಹೋಗಿ ಬೇರೆ ತರಬಹುದು. ಹೋಟೆಲಿನ ಇಡ್ಲಿ ಹಳಸಿದ್ದರೆ ಮಾಣಿಯನ್ನು ಕರೆದು ಗದರಬಹುದು. ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತರೆ ಕಂಡಕ್ಟರು ಹಿಂದೆ ಬರುವ ಬಸ್ಸಿಗೆ ಹತ್ತಿಸಿ ಕಳಿಸುತ್ತಾನೆ. ಆದರೆ ಅರ್ಧ ದಾರಿಯಲ್ಲಿ ಕೆಟ್ಟು ನಿಂತ ಸಿನಿಮಾದಿಂದ ನಮ್ಮನ್ನು ಇಳಿಸಿ ಬೇರೆ ಸಿನಿಮಾಕ್ಕೆ ಹತ್ತಿಸುವ ಕಂಡಕ್ಟರು ಇನ್ನೂ ಹುಟ್ಟಿಲ್ಲ!

ಗೇಟಿನಲ್ಲಿ ಟಿಕೆಟ್ ಹರಿದರು ಅಂದರೆ ಮುಗೀತು. ಎರಡೂವರೆ ಗಂಟೆ ಕಾಲ ಅವರು ಏನು ತೋರಿಸಿದರೂ ನಾವು ನೋಡಬೇಕು. ಮಾತು ಒಂದು ಕಡೆ, ತುಟಿ ಒಂದು ಕಡೆ. ನಾಯಕ ಹೊರಗೆ ಬಾಗಿಲು ತಟ್ಟುವಾಗ ನೀಲಿ ಅಂಗಿ, ಒಳಗೆ ಕಾಲಿಟ್ಟಾಗ ಬಿಳಿ ಅಂಗಿ. ಖಳನಾಯಕನ ಕಡೆಯ ನೂರು ಮಂದಿ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರ ಹಾಗೆ ಒಬ್ಬೊಬ್ಬರಾಗಿ ಬಂದು ಒದೆ ತಿಂದು ಹೋಗುತ್ತಾರೆ. ತಾಯಿಗೆ ಹುಷಾರಿಲ್ಲ ಅಂತ ಮಗ ಆಸ್ಪತ್ರೆಯಲ್ಲಿ ಅಳುತ್ತಿರುವಾಗಲೇ ತಟಕ್ಕನೆ ವಿದೇಶದ ಬೀದಿಯಲ್ಲಿ ಕುಣಿತ! ಇಂಟರ್‌ವಲ್‌ನಲ್ಲಿ ಟೀ ಹೀರುತ್ತಾ ಗೆಳೆಯರು ಮುಖ ಮುಖ ನೋಡಿಕೊಳ್ಳುತ್ತೇವೆ. "ಸೆಕೆಂಡ್ ಹಾಫ್ ಚೆನ್ನಾಗಿರಬಹುದು ಕಣೋ" ಅಂತ ಒಬ್ಬ ಅನ್ನುತ್ತಾನೆ. ಈ 'ಇರಬಹುದು' ಅನ್ನೋ ನಂಬಿಕೆ ಇದೆಯಲ್ಲ, ಗಾಂಧಿನಗರ ಇಷ್ಟು ವರ್ಷ ಬದುಕಿರುವುದೇ ಅದರ ಮೇಲೆ!

ಈಚಿನ ವರ್ಷಗಳಲ್ಲಿ, ಕೊರೋನಾ ಕಾಲ ಒಂದನ್ನು ಬಿಟ್ಟರೆ, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಕಂಡ ವರ್ಷಗಳುಂಟು. ಇರುವುದು 52 ಶುಕ್ರವಾರ. ಅಂದರೆ ವಾರಕ್ಕೆ ಸರಾಸರಿ ನಾಲ್ಕು! ಓದುಗ ಮಿತ್ರರೇ, ಒಂದು ಸಣ್ಣ ಪರೀಕ್ಷೆ. ಕಳೆದ ವರ್ಷ ಬಂದ ಕನ್ನಡ ಚಿತ್ರಗಳಲ್ಲಿ ನಿಮಗೆ ನೆನಪಿರುವ ಹತ್ತನ್ನು ಬೆರಳು ಮಡಚಿ ಹೇಳಿ ನೋಡೋಣ. ಎಷ್ಟು ಬೆರಳು ಮಡಚಿದಿರಿ? ಉಳಿದ ನೂರ ತೊಂಬತ್ತು ಎಲ್ಲಿ ಹೋದವು? ಅವುಗಳಿಗೂ ಮುಹೂರ್ತ ಆಗಿತ್ತು, ಕೊಬ್ಬರಿ ಒಡೆದಿತ್ತು, ಗಣ್ಯರು ಕ್ಲಾಪ್ ಮಾಡಿದ್ದರು. "ಇದು ವಿಭಿನ್ನ ಕಥಾವಸ್ತುವುಳ್ಳ ಚಿತ್ರ" ಅಂತ ಪತ್ರಿಕೆಗಳಲ್ಲಿ ಬಂದಿತ್ತು. ವಿಭಿನ್ನ ಅನ್ನುವ ಪದವನ್ನು ಇಷ್ಟು ಜನ ಒಂದೇ ಥರ ಬಳಸಿದ್ದು ಬೇರೆ ಯಾವ ಉದ್ಯಮದಲ್ಲೂ ಇರಲಿಕ್ಕಿಲ್ಲ!

ಸೋತದ್ದೆಲ್ಲ ಕೆಟ್ಟದ್ದಲ್ಲ

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡೋಣ. ಸೋತ ಚಿತ್ರ ಬೇರೆ, ಕೆಟ್ಟ ಚಿತ್ರ ಬೇರೆ. ಗಲ್ಲಾಪೆಟ್ಟಿಗೆ ತುಂಬಲಿಲ್ಲ ಅಂದ ಮಾತ್ರಕ್ಕೆ ಚಿತ್ರ ಕೆಟ್ಟದ್ದಾಗಿಬಿಡೋದಿಲ್ಲ.

ನಮ್ಮ ರಾಮನಗರದ ಬಂಡೆಗಳನ್ನೇ ಕೇಳಿ, ಹೇಳುತ್ತವೆ. 'ಶೋಲೆ' ಅಲ್ಲೇ ತಯಾರಾಯಿತು. 1975ರ ಆಗಸ್ಟ್ 15ರಂದು ಬಿಡುಗಡೆಯಾದಾಗ ಮೊದಲ ದಿನಗಳಲ್ಲಿ ವ್ಯಾಪಾರದ ಪಂಡಿತರು ತಲೆ ಅಲ್ಲಾಡಿಸಿದರು. "ಇಷ್ಟು ದುಡ್ಡು ಸುರಿದು ಮುಳುಗಿದರು" ಅಂದರು. ಆಮೇಲೆ ಜನರ ಬಾಯಿಮಾತು ಹಬ್ಬಿತು. ಬೊಂಬಾಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು! ಪಂಡಿತರು ತಲೆ ಅಲ್ಲಾಡಿಸಿದ ದಿನವೂ 'ಶೋಲೆ' ಒಳ್ಳೆಯ ಚಿತ್ರವೇ ಆಗಿತ್ತು. ಕೆಲಸ ಗಟ್ಟಿಯಾಗಿತ್ತು, ಆದ್ದರಿಂದ ಎದ್ದು ನಿಂತಿತು.

ಈಗ ಇದರ ಇನ್ನೊಂದು ಮಗ್ಗುಲು ನೋಡಿ. 2007ರಲ್ಲಿ ಅದೇ 'ಶೋಲೆ'ಯನ್ನು ರಾಮ್‌ಗೋಪಾಲ್ ವರ್ಮಾ ಮತ್ತೆ ತೆಗೆದರು. ಹೆಸರು 'ರಾಮ್‌ಗೋಪಾಲ್ ವರ್ಮಾ ಕಿ ಆಗ್'. ಕಥೆ ಕೈಯಲ್ಲೇ ಇತ್ತು. ಹುಡುಕುವ ಕಷ್ಟವಿಲ್ಲ. ದುಡ್ಡಿತ್ತು. ಮೂಲ ಚಿತ್ರದ ಜೈ ಆಗಿದ್ದ ಅಮಿತಾಭ್ ಬಚ್ಚನ್ ಅವರೇ ಇಲ್ಲಿ ಖಳನಾಯಕ! ಮಲಯಾಳದ ಮೋಹನ್‌ಲಾಲ್ ಬೇರೆ. 'ಸತ್ಯ'ದಂಥ ಚಿತ್ರ ಕೊಟ್ಟ ನಿರ್ದೇಶಕ. ಆದರೂ ಏನಾಯಿತು? ನೋಡಿದವರೆಲ್ಲ ಹಣೆ ಚಚ್ಚಿಕೊಂಡರು. ಇವತ್ತಿಗೂ ಹಿಂದಿಯ ಅತಿ ಕೆಟ್ಟ ಚಿತ್ರಗಳ ಮಾತು ಬಂದರೆ ಅದರ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ.

ಇದರಿಂದ ತಿಳಿಯುವುದೇನು? ದುಡ್ಡು, ತಾರೆ, ಗೆದ್ದ ಕಥೆ ಮೂರೂ ಇದ್ದರೂ ಚಿತ್ರ ಕೆಡಬಹುದು. ಹಾಗಾದರೆ ಕೆಡಿಸುವುದು ಯಾವುದು?

ಬಡತನದ ನೆಪ ಬೇಡ ಸ್ವಾಮಿ!

ನಮ್ಮ ನಿರ್ಮಾಪಕ ಮಹಾಶಯರನ್ನು ಕೇಳಿದರೆ ಒಂದೇ ಉತ್ತರ: "ನಮ್ಮದು ಚಿಕ್ಕ ಮಾರುಕಟ್ಟೆ. ತೆಲುಗು ತಮಿಳಿನವರ ಹಾಗೆ ಖರ್ಚು ಮಾಡೋಕೆ ನಮಗೆಲ್ಲಿ ಆಗುತ್ತೆ?"

ಕೇಳಲು ನ್ಯಾಯವಾದ ಮಾತು. ಆದರೆ ಲೆಕ್ಕ ತೆಗೆದು ನೋಡಿದರೆ ನಿಲ್ಲೋದಿಲ್ಲ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು 'ಸಂಸ್ಕಾರ' ತೆಗೆದಾಗ ಯಾವ ಸೆಟ್ ಹಾಕಿದ್ದರು? ಮಲೆನಾಡಿನ ಒಂದು ಹಳ್ಳಿ, ಕಪ್ಪುಬಿಳುಪು ಫಿಲಂ, ರಂಗಭೂಮಿಯ ನಟರು, ಅನಂತಮೂರ್ತಿಯವರ ಕಾದಂಬರಿ. ಅಷ್ಟರಲ್ಲೇ ರಾಷ್ಟ್ರಪತಿಗಳ ಸ್ವರ್ಣಕಮಲ ಕನ್ನಡಕ್ಕೆ ಬಂತು. 1977ರಲ್ಲಿ ಗಿರೀಶ್ ಕಾಸರವಳ್ಳಿ ತಮ್ಮ ಮೊದಲ ಚಿತ್ರ 'ಘಟಶ್ರಾದ್ಧ'ಕ್ಕೇ ಸ್ವರ್ಣಕಮಲ ತಂದರು.

"ಅವೆಲ್ಲ ಪ್ರಶಸ್ತಿ ಚಿತ್ರ, ನಮಗೆ ಬೇಕಾದ್ದು ಮಜಾ" ಅಂತೀರಾ? ಸರಿ, ಅದಕ್ಕೂ ಉದಾಹರಣೆ ಇದೆ. 2013ರಲ್ಲಿ ಪವನ್ ಕುಮಾರ್ 'ಲೂಸಿಯಾ' ತೆಗೆದರು. ನಿರ್ಮಾಪಕರು ಸಿಗಲಿಲ್ಲವೆಂದು ಪ್ರೇಕ್ಷಕರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಒಟ್ಟು ಮಾಡಿಕೊಟ್ಟರು. ಅದರಲ್ಲೇ ಚಿತ್ರ! ದೊಡ್ಡ ತಾರೆಯೊಬ್ಬರ ಒಂದು ಹಾಡಿಗೆ ಸಾಕಾಗದ ಹಣ ಅದು. ಆಮೇಲೆ ರಾಮ್ ರೆಡ್ಡಿಯವರ 'ತಿಥಿ'. ಮಂಡ್ಯ ಸೀಮೆಯ ಹಳ್ಳಿಯ ಜನರನ್ನೇ ಕ್ಯಾಮರಾ ಮುಂದೆ ನಿಲ್ಲಿಸಿದರು. ಯಾರೂ ಬಣ್ಣ ಹಚ್ಚಿದವರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ, ಮುಂದಿನ ವರ್ಷ ನಮ್ಮೂರ ಥಿಯೇಟರಿನಲ್ಲಿ ನಗುವೋ ನಗು. 2017ರಲ್ಲಿ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ'. ನಾಯಕನ ತಲೆಯಲ್ಲಿ ಕೂದಲಿಲ್ಲ, ಚಿತ್ರದಲ್ಲಿ ಹೊಡೆದಾಟವಿಲ್ಲ, ಆದರೆ ಕಥೆ ಇತ್ತು. 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡ್ ನಿರ್ದೇಶನದ 'ಸು ಫ್ರಮ್ ಸೋ' ಅಂತೂ ಇತ್ತೀಚಿನ ಮಾತು. ಕರಾವಳಿಯ ಒಂದು ಊರು, ಅಲ್ಲಿಯ ಮಾತು, ಒಂದು ದೆವ್ವದ ಗುಲ್ಲು. ದೊಡ್ಡ ತಾರೆಯ ಕಟೌಟ್ ಇಲ್ಲದೆ, ಜನರ ಬಾಯಿಂದ ಬಾಯಿಗೆ ಹಬ್ಬಿ ಥಿಯೇಟರ್ ತುಂಬಿತು.

ಆದ್ದರಿಂದ ಬಡತನದ ನೆಪ ಬೇಡ. ಹಣ ಇಲ್ಲದವರು ಕೆಟ್ಟ ಚಿತ್ರ ತೆಗೆಯುತ್ತಾರೆ ಅನ್ನೋದು ಸುಳ್ಳು. ಬುದ್ಧಿ ಖರ್ಚು ಮಾಡದವರು ತೆಗೆಯುತ್ತಾರೆ!

ರೋಗ ಒಂದು: ಕಥೆ ಕೊನೆಯ ಸೀಟಿನಲ್ಲಿ

ಹಳೆಯ ಪದ್ಧತಿ ಹೇಗಿತ್ತು? ಮೊದಲು ಕಥೆ. ಪುಟ್ಟಣ್ಣ ಕಣಗಾಲರು 'ಬೆಳ್ಳಿಮೋಡ'ಕ್ಕೆ (1967) ಹೋದದ್ದು ತ್ರಿವೇಣಿಯವರ ಕಾದಂಬರಿಗೆ. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು. 'ನಾಗರಹಾವು' (1972) ತ.ರಾ.ಸು. ಅವರ ಕಾದಂಬರಿಗಳದು. 'ಎಡಕಲ್ಲು ಗುಡ್ಡದ ಮೇಲೆ' (1973) ಭಾರತೀಸುತರದು. ಪ್ರಶಸ್ತಿಗಾಗಿ ತೆಗೆದ ಚಿತ್ರಗಳಲ್ಲ ಇವು, ಜನ ಮುಗಿಬಿದ್ದು ನೋಡಿದವು. ಸಿದ್ದಲಿಂಗಯ್ಯನವರ 'ಬಂಗಾರದ ಮನುಷ್ಯ' (1972) ಟಿ.ಕೆ. ರಾಮರಾಯರ ಕಾದಂಬರಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಡಾ. ರಾಜ್ ಚಿತ್ರಗಳಿಗೆ ಕಥೆ ಆರಿಸುವಾಗ ತಮ್ಮ ವರದಪ್ಪನವರು ಕಥೆ ಕೇಳಿ, ತೂಗಿ, ಒಪ್ಪಿಗೆ ಆಗಬೇಕಿತ್ತು ಅನ್ನೋದು ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟು ದೊಡ್ಡ ನಟನಿಗೇ ಕಥೆಯ ಭಯವಿತ್ತು!

ಈಗಿನ ಕ್ರಮ ಬೇರೆ. ಮೊದಲು ಟೈಟಲ್. ಆಮೇಲೆ ಟೈಟಲ್ಲಿಗೊಂದು ಟೀಸರ್. ನಂತರ ನಾಯಕನ ಕಾಲ್‌ಷೀಟ್. ಅದಾದ ಮೇಲೆ ಐದು ಭಾಷೆಯಲ್ಲಿ ಬಿಡುಗಡೆ ಅಂತ ಘೋಷಣೆ. ಕೊನೆಗೆ ಯಾರೋ ಒಬ್ಬರು ಕೇಳುತ್ತಾರೆ, "ಅಲ್ಲ ಸಾರ್, ಕಥೆ?" ಅದಕ್ಕೆ ಉತ್ತರ: "ಬರೀತಾ ಇದ್ದಾರೆ."

ಐದು ಭಾಷೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ರಿಷಭ್ ಶೆಟ್ಟಿಯವರ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ಬಂದಾಗ ಕನ್ನಡದಲ್ಲಿ ಮಾತ್ರ ಬಂತು. ಕುಂದಾಪುರದ ಕಡೆಯ ಮಾತು, ಭೂತಕೋಲ, ಕಂಬಳ. "ಇದು ಬೇರೆಯವರಿಗೆ ಅರ್ಥ ಆಗುತ್ತಾ?" ಅಂತ ಅಳೆಯುತ್ತಾ ಕೂತಿದ್ದರೆ ಚಿತ್ರವೇ ಆಗುತ್ತಿರಲಿಲ್ಲ. ಕನ್ನಡದಲ್ಲಿ ಗೆದ್ದ ಮೇಲೆ ಬೇರೆ ಭಾಷೆಯವರು ತಾವಾಗಿ ಕೇಳಿದರು, ಆಮೇಲೆ ಡಬ್ ಆಯಿತು. ಊರು ಗಟ್ಟಿಯಾಗಿದ್ದರೆ ಲೋಕ ತಾನೇ ಬರುತ್ತದೆ. ಲೋಕವನ್ನೇ ಹುಡುಕಿ ಹೊರಟವನಿಗೆ ಊರೂ ಇಲ್ಲ, ಲೋಕವೂ ಇಲ್ಲ!

ರೋಗ ಎರಡು: ಗೆದ್ದವರ ಎಂಜಲು

ನಮ್ಮ ಉದ್ಯಮಕ್ಕೆ ಅಂಟಿರುವ ದೊಡ್ಡ ಜಾಡ್ಯ ಇದು. 1995ರಲ್ಲಿ ಉಪೇಂದ್ರ 'ಓಂ' ತೆಗೆದರು. ನಿಜವಾದ ಭೂಗತರ ಮುಖಗಳನ್ನೇ ತೆರೆಯ ಮೇಲೆ ತಂದರು. ಶಿವರಾಜ್‌ಕುಮಾರ್ ಅವರ ಆ ಪಾತ್ರದ ಹಿಂದೆ ಒಂದು ಪ್ರೇಮದ ಗಾಯ ಇತ್ತು. ಆದ್ದರಿಂದ ಜನ ಅದನ್ನು ಮತ್ತೆ ಮತ್ತೆ ನೋಡಿದರು. ಮುಂದಿನ ಹತ್ತು ಹದಿನೈದು ವರ್ಷ ಏನಾಯಿತು? ಗಾಯ ಬಿಟ್ಟರು, ಲಾಂಗು ಹಿಡಿದರು! ಪೋಸ್ಟರ್ ತುಂಬಾ ಮಚ್ಚು, ಮಚ್ಚಿನ ತುಂಬಾ ಕೆಂಪು ಬಣ್ಣ.

2006ರ ಕೊನೆಯಲ್ಲಿ ಯೋಗರಾಜ ಭಟ್ಟರ 'ಮುಂಗಾರು ಮಳೆ' ಬಂತು. ಜೋಗದ ಹಿನ್ನೆಲೆ, ಎಸ್. ಕೃಷ್ಣ ಅವರ ಕ್ಯಾಮರಾ, ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿಯವರ ಸಾಹಿತ್ಯ, ಗಣೇಶ್ ಅವರ ಪಟಪಟ ಮಾತು, ಜೊತೆಗೊಂದು ಮೊಲ. ಕಾಲೇಜು ಹುಡುಗರು ಹತ್ತು ಹತ್ತು ಸಲ ನೋಡಿದರು. ಮರುವರ್ಷದಿಂದ ಕರ್ನಾಟಕದಲ್ಲಿ ಬರಗಾಲ ಇದ್ದರೂ ಕನ್ನಡ ಸಿನಿಮಾದಲ್ಲಿ ಮಾತ್ರ ಮಳೆಯೋ ಮಳೆ! ಟ್ಯಾಂಕರಿನಲ್ಲಿ ನೀರು ತರಿಸಿ ಸುರಿದರು. ನೀರು ಬಂತು, ಆದರೆ ಆ ಹುಡುಗನ ನೋವು ಬರಲಿಲ್ಲ. ಅದು ಟ್ಯಾಂಕರಿನಲ್ಲಿ ಬರುವ ಸರಕಲ್ಲ.

2018ರ ಡಿಸೆಂಬರಿನಲ್ಲಿ ಪ್ರಶಾಂತ್ ನೀಲ್-ಯಶ್ ಜೋಡಿಯ 'ಕೆ.ಜಿ.ಎಫ್' ಬಂತು. 2022ರ ಏಪ್ರಿಲ್‌ನಲ್ಲಿ ಎರಡನೆಯ ಭಾಗ. ಇಡೀ ದೇಶ ಕನ್ನಡದ ಕಡೆ ತಿರುಗಿ ನೋಡಿತು. ಹೆಮ್ಮೆಯ ಸಂಗತಿ, ಎರಡು ಮಾತಿಲ್ಲ. ಆ ಚಿತ್ರದ ಕಪ್ಪು ಬಣ್ಣಕ್ಕೆ ಒಂದು ಅರ್ಥವಿತ್ತು. ಅದು ಗಣಿಯ ಕಥೆ, ಧೂಳಿನ ಕಥೆ. ಕೋಲಾರದ ಸೈನೈಡ್ ದಿಬ್ಬಗಳಲ್ಲೇ ಚಿತ್ರೀಕರಣ ನಡೆಸಿದ್ದರು. ಈಗ ನೋಡಿ, ಹೀರೋ ಕಿರಾಣಿ ಅಂಗಡಿಯವನಾದರೂ ಪರದೆಯೆಲ್ಲ ಮಸಿ! ಹಿನ್ನೆಲೆಯಲ್ಲಿ ಯಾರೋ ಗಡಸು ದನಿಯಲ್ಲಿ ನಾಯಕನನ್ನು ಹೊಗಳುತ್ತಲೇ ಇರುತ್ತಾರೆ. ಅವನು ಬೆಂಕಿ, ಅವನು ಬಿರುಗಾಳಿ, ಅವನು ಚರಿತ್ರೆ... ಅಣ್ಣಾ, ಅವನು ಏನು ಮಾಡಿದ ಅಂತ ಮೊದಲು ತೋರಿಸ್ರಣ್ಣ!

ನಕಲು ಮಾಡುವವನು ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಬರೆಯುತ್ತಾನೆ. ಆದರೆ ತನ್ನ ಪ್ರಶ್ನೆಪತ್ರಿಕೆ ಬೇರೆ ಅಂತ ಅವನಿಗೆ ಗೊತ್ತಿರೋದಿಲ್ಲ.

ರೋಗ ಮೂರು: "ಎಡಿಟಿಂಗ್‌ನಲ್ಲಿ ನೋಡ್ಕೊಳ್ಳೋಣ"

ಫಿಲಂ ಇದ್ದ ಕಾಲದ ಲೆಕ್ಕ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ ಕೇಳಿ. 35 ಎಂ.ಎಂ. ಫಿಲಂ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷಕ್ಕೆ ಖಾಲಿ! ಎರಡೂವರೆ ಗಂಟೆಯ ಚಿತ್ರಕ್ಕೆ ಹದಿಮೂರೂವರೆ ಸಾವಿರ ಅಡಿ ಬೇಕು. ಅದು ತೆರೆಯ ಮೇಲೆ ಬರುವಷ್ಟು ಮಾತ್ರ, ವ್ಯರ್ಥವಾದದ್ದು ಬೇರೆ. ನಟ ಒಂದು ಮಾತು ತಪ್ಪಿದರೆ ಆ ಅಡಿಗಳೆಲ್ಲ ಕಸ. ಅದಕ್ಕೇ ಕ್ಯಾಮರಾ ಓಡಿಸುವ ಮುಂಚೆ ನಾಲ್ಕು ಸಲ ರಿಹರ್ಸಲ್. ನಿರ್ದೇಶಕನ ತಲೆಯಲ್ಲಿ ದೃಶ್ಯ ಮೊದಲೇ ಕತ್ತರಿಸಿ ಜೋಡಿಸಿ ಸಿದ್ಧವಾಗಿರುತ್ತಿತ್ತು. ದುಡ್ಡಿನ ಭಯ ಅವರನ್ನು ಯೋಚನೆ ಮಾಡುವಂತೆ ಮಾಡಿತ್ತು.

ಈಗ ಫಿಲಂ ಇಲ್ಲ, ಡಬ್ಬಾ ಇಲ್ಲ. ಒಂದು ಚಿಕ್ಕ ಕಾರ್ಡಿನಲ್ಲಿ ಬೇಕಾದಷ್ಟು ತೆಗೆಯಬಹುದು. ನ್ಯಾಯವಾಗಿ ಚಿತ್ರಗಳು ಇನ್ನೂ ಚೆನ್ನಾಗಬೇಕಿತ್ತು ಅಲ್ಲವೇ? ಆಗಿದ್ದು ಬೇರೆ. ಯೋಚನೆ ಮಾಡುವ ಕೆಲಸವನ್ನು ನಾಳೆಗೆ ದೂಡಿದರು. ಸೆಟ್ಟಿನಲ್ಲಿ ತಪ್ಪಾದರೆ "ಎಡಿಟಿಂಗ್‌ನಲ್ಲಿ ನೋಡ್ಕೊಳ್ಳೋಣ." ಎಡಿಟಿಂಗ್‌ನಲ್ಲಿ ಕೂಡಿ ಬರದಿದ್ದರೆ "ಡಬ್ಬಿಂಗ್‌ನಲ್ಲಿ ಒಂದು ಮಾತು ಸೇರಿಸೋಣ." ಡಬ್ಬಿಂಗ್‌ನಲ್ಲೂ ಆಗದಿದ್ದರೆ "ರೀರೆಕಾರ್ಡಿಂಗ್‌ನಲ್ಲಿ ಎತ್ತೋಣ." ಎಲ್ಲರೂ ಮುಂದಿನವನ ತಲೆಗೆ ಕಟ್ಟಿ ಕಟ್ಟಿ, ಕೊನೆಗೆ ಎಲ್ಲರ ತಪ್ಪೂ ಬಂದು ಬೀಳುವುದು ಯಾರ ತಲೆಗೆ? ಗಾಂಧಿ ಕ್ಲಾಸಿನಲ್ಲಿ ಕೂತ ನಮ್ಮ ತಲೆಗೆ! ಅದಕ್ಕೇ ಹಿನ್ನೆಲೆ ಸಂಗೀತ ಕಿವಿ ಹರಿಯುವಷ್ಟು ಜೋರು. ದೃಶ್ಯದಲ್ಲಿ ಇಲ್ಲದ ಬಲವನ್ನು ಡ್ರಮ್ಮಿನಲ್ಲಿ ತುಂಬುತ್ತಾರೆ.

ಭಾಷೆಯ ಮಾತಂತೂ ಕೇಳಲೇಬೇಡಿ. ಪಾತ್ರ ರಾಯಚೂರಿನದು, ಮಾತು ಮಂಡ್ಯದ್ದು. ಅಪ್ಪ ಧಾರವಾಡದ ಶೈಲಿ, ಮಗ ಬೆಂಗಳೂರು ಶೈಲಿ. ಕರಾವಳಿಯ ಚಿತ್ರಗಳೂ 'ತಿಥಿ'ಯೂ ಗೆದ್ದದ್ದಕ್ಕೆ ಒಂದು ಕಾರಣ ಇದೇ. ಅಲ್ಲಿಯ ಜನ ಅಲ್ಲಿಯ ಹಾಗೇ ಮಾತಾಡಿದರು.

"ಎಲ್ರೂ ಚೆನ್ನಾಗಿದೆ ಅಂದ್ರು ತಮ್ಮಾ"

ಇಷ್ಟೆಲ್ಲ ಬೈದು ಮುಗಿಸಿದರೆ ಅರ್ಧ ಮಾತು ಹೇಳಿದಂತೆ. ಇನ್ನರ್ಧ ಕೇಳಿ.

ಒಂದೆರಡು ವರ್ಷದ ಹಿಂದೆ ಹೊಸಬರ ಚಿತ್ರವೊಂದರ ಪತ್ರಿಕಾ ಪ್ರದರ್ಶನಕ್ಕೆ ಹೋಗಿದ್ದೆ. ಚಿತ್ರದ ಹೆಸರು ಬೇಡ. ನಿರ್ಮಾಪಕರು ತಾಲ್ಲೂಕು ಊರಿನವರು, ಐವತ್ತು ದಾಟಿದ ವಯಸ್ಸು, ಹೊಸ ಬಿಳಿ ಅಂಗಿ. ಚಿತ್ರ ಮುಗಿಯಿತು. ಅದನ್ನು ವರ್ಣಿಸೋದು ಬೇಡ, ಮೇಲಿನ ಮೂರು ರೋಗವೂ ಇದ್ದವು ಅಂದರೆ ಸಾಕು. ಊಟಕ್ಕೆ ಹೋಳಿಗೆ. ಪ್ರತಿಯೊಬ್ಬರ ಹತ್ತಿರವೂ ಅವರು ಬಂದು ಕೇಳಿದರು, "ಹೆಂಗಿತ್ತು ಸಾರ್?" ಪ್ರತಿಯೊಬ್ಬರೂ ಹೋಳಿಗೆ ಮುರಿಯುತ್ತಾ "ಚೆನ್ನಾಗಿದೆ, ಚೆನ್ನಾಗಿದೆ" ಅಂದರು. ನನ್ನ ಸರದಿ ಬಂತು. "ಅಣ್ಣಾ, ಇಂಟರ್‌ವಲ್ ಆದ ಮೇಲೆ ಆ ತಂಗಿ ಪಾತ್ರ ಏನಾಯ್ತು? ಎಲ್ಲೂ ಕಾಣಲಿಲ್ಲ" ಅಂತ ಕೇಳಿದೆ.

ಅವರು ನನ್ನ ಮುಖ ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ನಂಗೂ ಅದೇ ಅನ್ನಿಸ್ತು ತಮ್ಮಾ. ಎಡಿಟಿಂಗ್ ಟೇಮಲ್ಲೇ ಕೇಳ್ದೆ. ನಿಮಗೆ ಸಿನಿಮಾ ಗೊತ್ತಾಗಲ್ಲ ಸುಮ್ನಿರಿ ಅಂದ್ರು. ಇವತ್ತು ಎಲ್ರೂ ಚೆನ್ನಾಗಿದೆ ಅಂದ್ರು... ನೀನೊಬ್ನೇ ಕೇಳಿದ್ದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೆಕರೆ ತೋಟ ಕೊಟ್ಟೆ ಇದಕ್ಕೆ" ಅಂದರು.

ಶುಕ್ರವಾರ ಚಿತ್ರ ಬಂತು. ಸೋಮವಾರ ಪೋಸ್ಟರ್ ಬದಲಾಯಿತು.

ಗೆಳೆಯರೇ, ನಮ್ಮದು ಹೋದದ್ದು ಟಿಕೆಟ್ ದುಡ್ಡು. ಅವರದು ಹೋದದ್ದು ತೋಟ. ಅಡಿಕೆ ಗೊನೆಯ ಬೆಲೆ ಗೊತ್ತಿರುವ ಮನುಷ್ಯನಿಗೆ ಚಿತ್ರಕಥೆಯ ತೂತೂ ಕಂಡಿತ್ತು. ಅವರಿಗೆ ಕಂಡದ್ದನ್ನು ಹೇಳಲು ಬಿಡಲಿಲ್ಲ. ಕೆಟ್ಟ ಚಿತ್ರ ಹುಟ್ಟುವುದು ಇಲ್ಲೇ. ಕಥೆ ಚರ್ಚೆಯಲ್ಲಿ "ಇದು ಸರಿಯಿಲ್ಲ" ಅನ್ನುವ ಒಬ್ಬ ಮನುಷ್ಯನಿಗೆ ಕುರ್ಚಿ ಇಲ್ಲದ ಕಡೆ!

ಲೆಕ್ಕ ಎಲ್ಲಿ ತಪ್ಪಿತು?

ಹಾಗಾದರೆ ಸೋಲುವುದು ಗೊತ್ತಿದ್ದೂ ಇಷ್ಟು ಚಿತ್ರ ಯಾಕೆ ಬರುತ್ತವೆ? ಅದಕ್ಕೂ ಒಂದು ಲೆಕ್ಕವಿತ್ತು. ಥಿಯೇಟರಿನಲ್ಲಿ ಹೋದದ್ದು ಟಿ.ವಿ. ಹಕ್ಕಿನಲ್ಲಿ ಬರುತ್ತಿತ್ತು. ಅದರ ಮೇಲೆ ಸರ್ಕಾರದ ಸಹಾಯಧನ ಸಿಗಬಹುದು. ಆಮೇಲೆ ಓ.ಟಿ.ಟಿ. ಬಂತು, ಅಲ್ಲೂ ಕಾಸು ಅಂದರು. ಹೀಗಾಗಿ ಪ್ರೇಕ್ಷಕನನ್ನು ಮೆಚ್ಚಿಸದೆಯೂ ಬದುಕಬಹುದು ಅನ್ನುವ ಭ್ರಮೆ ಬೆಳೆಯಿತು. ಸಹಾಯಧನ ಹುಟ್ಟಿದ್ದು ಮದರಾಸಿನಲ್ಲಿ ನೆಲೆಸಿದ್ದ ಕನ್ನಡ ಚಿತ್ರೋದ್ಯಮ ತವರಿಗೆ ಬರಲಿ ಅನ್ನುವ ದೊಡ್ಡ ಉದ್ದೇಶದಿಂದ. ಅದನ್ನೇ ನಂಬಿ ಚಿತ್ರ ಸುತ್ತಲಿ ಅಂತಲ್ಲ.

ಈಗ ಆ ಬಾಗಿಲುಗಳೂ ಕಿರಿದಾಗಿವೆ. ಓ.ಟಿ.ಟಿ.ಯವರು ಕನ್ನಡ ಅಂದರೆ ಹಿಂದೆ ಮುಂದೆ ನೋಡುತ್ತಾರೆ ಅನ್ನುವ ದೂರು ಒಳ್ಳೆಯ ಚಿತ್ರದವರಿಂದಲೂ ಕೇಳಿಬಂದಿದೆ. ರಕ್ಷಿತ್ ಶೆಟ್ಟಿಯವರ ಸಂಸ್ಥೆಯ 'ಏಕಂ' ಸರಣಿಯನ್ನು ಯಾರೂ ಕೊಳ್ಳದೆ 2024ರಲ್ಲಿ ಅವರೇ ತಮ್ಮದೊಂದು ವೇದಿಕೆ ಮಾಡಿ ಬಿಡುಗಡೆ ಮಾಡಬೇಕಾಯಿತು. ನೂರು ಹಳಸಿದ ಸರಕು ನೋಡಿದ ವ್ಯಾಪಾರಿ ನೂರೊಂದನೆಯ ತಾಜಾ ಸರಕನ್ನೂ ಅನುಮಾನದಿಂದ ಮೂಸಿ ನೋಡುತ್ತಾನೆ. ಕೆಟ್ಟ ಚಿತ್ರ ಮಾಡುವವನು ತಾನು ಮಾತ್ರ ಮುಳುಗೋದಿಲ್ಲ, ಪಕ್ಕದವನ ದೋಣಿಗೂ ತೂತು ಮಾಡಿ ಹೋಗುತ್ತಾನೆ.

ಥಿಯೇಟರುಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ಬೆಂಗಳೂರಿನ ಕಪಾಲಿ 1968ರಲ್ಲಿ ಆರಂಭವಾಗಿ 2017ರಲ್ಲಿ ಬಾಗಿಲು ಹಾಕಿತು. 1974ರಲ್ಲಿ ಶುರುವಾದ ಕಾವೇರಿ 2024ರಲ್ಲಿ ನೆಲಸಮವಾಯಿತು. ಕೆಂಪೇಗೌಡ ರಸ್ತೆಯಲ್ಲಿ ಒಂದು ಕಾಲಕ್ಕೆ ಸಾಲಾಗಿ ನಿಂತಿದ್ದ ಕಟೌಟುಗಳ ಜಾಗದಲ್ಲಿ ಈಗ ಅಂಗಡಿ ಮಳಿಗೆಗಳು. ತಾಲ್ಲೂಕು ಊರುಗಳಲ್ಲಿ ಟಾಕೀಸು ಹೋಗಿ ಕಲ್ಯಾಣ ಮಂಟಪ ಆಗಿದೆ. ಇದಕ್ಕೆ ಜಾಗದ ಬೆಲೆ, ಮೊಬೈಲು, ಮಾಲು ಎಲ್ಲವೂ ಕಾರಣ, ಒಪ್ಪೋಣ. ಆದರೆ ವಾರವಾರವೂ ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸಿದ ಮಾಲೀಕ ಎಷ್ಟು ದಿನ ಕರೆಂಟ್ ಬಿಲ್ ಕಟ್ಟಿಯಾನು? ಅವನ ಜೊತೆ ಗೇಟ್ ಕೀಪರ್, ಆಪರೇಟರ್, ಸೈಕಲ್ ಸ್ಟ್ಯಾಂಡಿನವನು, ಎದುರಿನ ಬೋಂಡಾ ಅಂಗಡಿಯವನು ಎಲ್ಲರೂ ಹೋದರು.

ಇನ್ನೊಂದು ಮಾತು. ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ದಶಕಗಳ ಕಾಲ ಉದ್ಯಮ ಬೇಲಿ ಹಾಕಿಕೊಂಡಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ಬೇಲಿ ತಪ್ಪು ಅಂದಿತು. ಈಗ ಬೇರೆ ಭಾಷೆಯ ಚಿತ್ರಗಳೂ ಕನ್ನಡದಲ್ಲೇ ಮಾತಾಡುತ್ತಾ ಬರುತ್ತವೆ. ಬೇಲಿ ಇದ್ದಾಗ ಕಳಪೆ ಬೆಳೆಯೂ ನಡೆಯುತ್ತಿತ್ತು. ಬೇಲಿ ಹೋದ ಮೇಲೆ ಫಸಲೇ ಮಾತಾಡಬೇಕು.

ಅಭಿಮಾನಿ ದೇವರು ಏನು ಮಾಡಬೇಕು?

ಅಣ್ಣಾವ್ರು ನಮ್ಮನ್ನು ಅಭಿಮಾನಿ ದೇವರುಗಳು ಅಂತ ಕರೆದರು. ದೇವರಿಗೆ ಯಾರಾದರೂ ಹಳಸಿದ ನೈವೇದ್ಯ ಇಡುತ್ತಾರಾ? ಇಟ್ಟರೆ ದೇವರೂ ಸುಮ್ಮನಿರಬಾರದು!

ನಾವು ಏನು ಮಾಡುತ್ತಿದ್ದೇವೆ? ನಮ್ಮ ನಾಯಕನ ಚಿತ್ರ ಕೆಟ್ಟದ್ದಿದ್ದರೂ "ಸೂಪರ್ ಗುರೂ" ಅಂತ ಕ್ಯಾಮರಾ ಮುಂದೆ ಕೂಗುತ್ತೇವೆ. ಪಕ್ಕದ ನಾಯಕನ ಚಿತ್ರ ಒಳ್ಳೆಯದಿದ್ದರೂ ತೋಪು ಅನ್ನುತ್ತೇವೆ. ಕಟೌಟಿಗೆ ಹಾಲು ಸುರಿದು ಮನೆಗೆ ಹೋಗಿ ಅಮ್ಮನ ಹತ್ತಿರ ಬೈಸಿಕೊಳ್ಳುತ್ತೇವೆ. ಇದು ಅಭಿಮಾನ ಅಲ್ಲ, ಹೋಳಿಗೆ ತಿಂದು ಚೆನ್ನಾಗಿದೆ ಅಂದವರ ಕೆಲಸವನ್ನು ಹೋಳಿಗೆಯೂ ಇಲ್ಲದೆ ಮಾಡೋದು!

ಕೆಟ್ಟದ್ದನ್ನು ಕೆಟ್ಟದ್ದು ಅನ್ನಿ. ಆದರೆ ಮನುಷ್ಯನನ್ನು ಬೈಬೇಡಿ, ಕೆಲಸವನ್ನು ಬೈಯಿರಿ. ಸೋತವರೆಲ್ಲ ಮುಗಿದವರಲ್ಲ. ಪುಟ್ಟಣ್ಣನವರಂಥ ಪುಟ್ಟಣ್ಣನವರೇ 'ನಾಗರಹಾವು' ಚಿತ್ರವನ್ನು 1974ರಲ್ಲಿ 'ಜಹ್ರೀಲಾ ಇನ್ಸಾನ್' ಅಂತ ಹಿಂದಿಯಲ್ಲಿ ತೆಗೆದರು. ಅದೇ ಕಥೆ, ರಿಷಿ ಕಪೂರ್ ನಾಯಕ. ಮಕಾಡೆ ಮಲಗಿತು. ಚಿತ್ರದುರ್ಗದ ರಾಮಾಚಾರಿ ಹಿಂದಿಯವರಿಗೆ ಹತ್ತಲಿಲ್ಲ. ಪುಟ್ಟಣ್ಣ ಅಲ್ಲಿಗೇ ನಿಂತರಾ? ಮರುವರ್ಷ 'ಶುಭಮಂಗಳ', ಮುಂದೆ 'ಪಡುವಾರಳ್ಳಿ ಪಾಂಡವರು', 1981ರಲ್ಲಿ 'ರಂಗನಾಯಕಿ'. ಪ್ರತಿ ಸಲವೂ ಹೊಸ ಕಥೆ, ಹೊಸ ಪ್ರಯತ್ನ. ಸೋಲು ಅವಮಾನ ಅಲ್ಲ. ಉದಾಸೀನ ಅವಮಾನ.

ಇನ್ನು ಚಿಕ್ಕ ಚಿತ್ರಗಳ ವಿಷಯ. ಚೆನ್ನಾಗಿದೆ ಅಂತ ನಂಬಿಕಸ್ಥ ಗೆಳೆಯ ಹೇಳಿದರೆ ಆ ವಾರಾಂತ್ಯವೇ ಹೋಗಿ ನೋಡಿ. "ಫೋನಲ್ಲಿ ಬಂದಾಗ ನೋಡ್ತೀನಿ" ಅನ್ನಬೇಡಿ. ಅದರ ಆಯುಷ್ಯ ಸೋಮವಾರದ ತನಕ ಮಾತ್ರ. ದೊಡ್ಡ ಚಿತ್ರಗಳ ವಿಷಯದಲ್ಲಿ ಇದನ್ನೇ ತಿರುಗಿಸಿ: ಸೋಮವಾರದ ತನಕ ಕಾಯಿರಿ. ಸೋಮವಾರದ ಮ್ಯಾಟ್ನಿಗೆ ಜನ ಇದ್ದರೆ ಚಿತ್ರದಲ್ಲಿ ಜೀವ ಇದೆ ಅಂತ ಅರ್ಥ. ನಮ್ಮ ಹತ್ತಿರ ಇರುವ ಆಯು‌ಧ ಕಲ್ಲಲ್ಲ, ಕೂಗಲ್ಲ. ಟಿಕೆಟ್ ಕಿಂಡಿಯ ಮುಂದೆ ನಿಂತಾಗ ಜೇಬಿಗೆ ಹೋಗುವ ಅಥವಾ ಹೋಗದೆ ನಿಲ್ಲುವ ಆ ಒಂದು ಕೈ!

ನಿರ್ಮಾಪಕ, ನಿರ್ದೇಶಕ ಮಹನೀಯರಿಗೂ ಒಂದು ವಿನಂತಿ. ಮುಹೂರ್ತಕ್ಕೆ ಮುಂಚೆ ನಿಮ್ಮ ಕಥೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಇಂಥ ಪತ್ರಿಕೆ ಓದುತ್ತಾ ನಿಂತಿರುವ ಯಾವನಾದರೂ ಹುಡುಗನಿಗೆ ಹೇಳಿ ನೋಡಿ. ಅವನ ಬಸ್ಸು ಬಂದಾಗಲೂ "ಆಮೇಲೆ ಏನಾಯ್ತು ಸಾರ್?" ಅಂತ ಕೇಳಿದರೆ ಕೊಬ್ಬರಿ ಒಡೆಯಿರಿ. ಬಸ್ಸು ಹತ್ತಿ ಹೋಗಿಬಿಟ್ಟರೆ, ದಯವಿಟ್ಟು ತೋಟ ಮಾರಬೇಡಿ.